ಕೆಂಪು ಜಾಕೆಟ್ಟಿನ ಎಡಗೈ

"ಮುಟ್ಬೇಡಿ ದಿದಿ, ಮುಟ್ಬೇಡಿ!"

ಇನ್ಸ್‌ಪೆಕ್ಟರ್ ಪುನ್ ಕೂಗುವಷ್ಟರಲ್ಲಿ ನಾನು ಮುಟ್ಟಿಯಾಗಿತ್ತು. ನನ್ನ ಅಡುಗೆಮನೆಯಲ್ಲಿ, ನನ್ನ ಫಾಪರ್ ಧಾನ್ಯದ ಹಿಟ್ಟಿನ ಡ್ರಮ್ಮಿನಲ್ಲಿ ಸಿಕ್ಕ ವಸ್ತುವನ್ನು ಮುಟ್ಟಲು ನಾನು ಯಾರ ಅಪ್ಪಣೆ ಕೇಳಬೇಕು?

ಯುಂಗ್‌ಡ್ರುಂಗ್ ಮಾಮಾ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಒಲೆಯ ಪಕ್ಕ ನಿಂತಿದ್ದರು. ಅವರೇ ಡ್ರಮ್ಮಿನ ತಳಕ್ಕೆ ತೋಳು ತೂರಿಸಿ ಪ್ಲಾಸ್ಟಿಕ್ ಚೀಲವೊಂದನ್ನು ಎಳೆದು ಮಣೆಯ ಮೇಲೆ ಹಾಕಿದ್ದು. ಅದರೊಳಗಿತ್ತು, ಪರದೇಶದಿಂದ ಫೋಟೋ ತೆಗೆಯಲು ಬಂದು ನಮ್ಮ ಮನೆಯಲ್ಲಿ ತಂಗುತ್ತಿದ್ದ, ಈಗ ಸತ್ತ ಯೋಸ್ಟ್ ಸಾಹೇಬರ ಫೋಟೋ ಡಬ್ಬಿ.

ಸಾಹೇಬರ ಹೆಣ ಹೊಳೆಯಲ್ಲಿ ಸಿಕ್ಕಿದ್ದು ಶುಕ್ರವಾರ, ಅವರ ಗೈಡ್ ಆಗಿದ್ದ ನನ್ನ ತಮ್ಮ ಜ್ಯೋತಿಮಾನನನ್ನು ಲಾಕಪ್ಪಿಗೆ ಹಾಕಿದ್ದು ಶನಿವಾರ. ಇವತ್ತು ಭಾನುವಾರ. ನಾಳೆ ಬೆಳಗಿನ ವಿಮಾನಕ್ಕೆ ಅವನಿಗೆ ಬೇಡಿ ಹಾಕಿ ಪೋಖರಾಕ್ಕೆ ಸಾಗಿಸುತ್ತಾರೆ. ಕೊಲೆ ಆರೋಪ ಹೊತ್ತು ಪೋಖರಾಕ್ಕೆ ಹೋದವರು ಯಾರೂ ನೇಪಾಳದ ಹಿಮಬೆಟ್ಟಗಳ ನಡುವಿನ ನಮ್ಮ ಜೋಮ್‌ಸೋಮಿಗೆ ಹಿಂತಿರುಗಿದ್ದನ್ನು ನಾನು ಕಂಡಿಲ್ಲ.

"ಮಾಮಾ, ಇದನ್ನ ಹಿಟ್ಟಿನೊಳಗೆ ಹೂತಿಟ್ಟಿದ್ದು ನೀವಾ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಎರಡು ದಿನದಿಂದ ಇದೇ ಹಿಟ್ಟಲ್ಲಿ ರೊಟ್ಟಿ ತಟ್ಟಿ ಊರಿಗೆಲ್ಲಾ ಬಡಿಸ್ತಿದ್ದೀನಲ್ರೀ!"

"ಪೊಲೀಸ್ನೋರು ಅಂದ್ರೆ ನಂಗೆ ಭಯ, ನಾನಿ," ಎಂದರು ಮಾಮಾ. ಚಿಕ್ಕಂದಿನಿಂದ ನನ್ನನ್ನು ಅವರು ಕರೆಯುವುದೇ ಹಾಗೆ.

"ನನ್ನ ಕಂಡ್ರೂ ಭಯಾನಾ?" ಎಂದರು ಇನ್ಸ್‌ಪೆಕ್ಟರ್. ಕೆಳಗಿನ ಬೆಟ್ಟಗಳ ಮನುಷ್ಯ. ನಮ್ಮ ಚಳಿಗೆ ಹೆದರಿ ಸದಾ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ವಿಚಾರಣೆಯ ನೆಪದಲ್ಲಿ ದಿನವೂ ನನ್ನ ಒಲೆಯ ಮುಂದೆ ಕೂತು ದಾಲ್ ಕುಡಿದು ಹೋಗುವವರು. ಅವರನ್ನು ಕಂಡು ಹೆದರುವುದು ಕಷ್ಟವೇ.

ಆ ಡಬ್ಬಿಯ ವಿಚಾರ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಎರಡು ಸೋಪು ಪಕ್ಕಪಕ್ಕ ಇಟ್ಟಷ್ಟು ಗಾತ್ರ. ಕ್ಯಾಮೆರಾದ ಕಾರ್ಡನ್ನು ಅದರ ಸಂದಿಗೆ ತುರುಕಿ ಒಂದು ಗುಂಡಿ ಒತ್ತಿದರೆ ಸಾಕು, ಕಂಪ್ಯೂಟರಿನ ಹಂಗಿಲ್ಲದೆ ಫೋಟೋಗಳೆಲ್ಲ ಡಬ್ಬಿಯ ಹೊಟ್ಟೆ ಸೇರುತ್ತವೆ. ಮೂರು ವರ್ಷದಿಂದ ಸಾಹೇಬರು ಬೆಟ್ಟ ಇಳಿದು ಬಂದಾಗಲೆಲ್ಲ ಶೂ ಬಿಚ್ಚುವ ಮೊದಲು ಮಾಡುತ್ತಿದ್ದ ಕೆಲಸ ಅದೇ. ಬೆಂಕಿಪೆಟ್ಟಿಗೆಯಷ್ಟು ಪರದೆಯಲ್ಲಿ ಫೋಟೋಗಳು ಬಂದಿವೆಯೇ ಎಂದು ನೋಡಿ, ಕಾರ್ಡು ಅಳಿಸಿ, ಆಮೇಲೆ "ದಿದಿ, ಚಹಾ" ಎನ್ನುತ್ತಿದ್ದರು.

ಬೆಟ್ಟಕ್ಕೆ ಮಾತ್ರ ಅದನ್ನು ಒಯ್ಯುತ್ತಿರಲಿಲ್ಲ. ಒಳಗೊಂದು ತಟ್ಟೆ ತಿರುಗುತ್ತದಂತೆ, ಅದರ ಮೇಲೆ ಸೂಜಿ ಗಾಳಿಯಲ್ಲಿ ತೇಲುತ್ತದಂತೆ. ಗಾಳಿ ತೆಳುವಾದ ಕಡೆ ಸೂಜಿ ತಟ್ಟೆಗೆ ತಾಗಿ ಎಲ್ಲವನ್ನೂ ಗೀರಿಬಿಡುತ್ತದಂತೆ. "ನಿಮ್ಮೂರಿನವರೆಗೆ ಸರಿ ದಿದಿ, ಅದರ ಮೇಲೆ ಇದಕ್ಕೂ ಉಸಿರು ಕಟ್ಟುತ್ತೆ" ಎಂದು ನಗುತ್ತ ಅದನ್ನು ನನ್ನ ಕೈಗಿಟ್ಟು ಹೋಗುತ್ತಿದ್ದರು. ನಾನು ದೇವರ ಗೂಡಿನಲ್ಲಿ ಇಡುತ್ತಿದ್ದೆ. ಶುಕ್ರವಾರ ಹೆಣ ಬಂದಾಗ ನೋಡಿದರೆ ಗೂಡು ಖಾಲಿ.

"ಈಗ ಹೇಳಿ ಮಾಮಾ," ಎಂದರು ಇನ್ಸ್‌ಪೆಕ್ಟರ್. "ಗೂಡಲ್ಲಿದ್ದದ್ದು ಹಿಟ್ಟಿಗೆ ಹೇಗೆ ಬಂತು?"

ಮಾಮಾ ನೆಲ ನೋಡುತ್ತ, ಪಾಠ ಒಪ್ಪಿಸುವಂತೆ ಹೇಳಿದರು. "ಗುರುವಾರ ಮಧ್ಯಾಹ್ನ ಸಾಹೇಬ್ರು ಕಾರ್ಡ್ ಕೊಟ್ರು. ಕೆಳಗೆ ಹೋಗಿ ಡಬ್ಬಿಗೆ ಹಾಕ್ಬಿಡು ಅಂದ್ರು. ನಾನು ಸಾಯಂಕಾಲ ಬಂದು ಹಾಕ್ದೆ. ಒಂದು ಗುಂಡಿ ಒತ್ತೋದು ನಂಗೂ ಗೊತ್ತು. ಕಾರ್ಡ್ ಆಮೇಲೆ ಎಲ್ಲೋ ಬಿತ್ತು. ಶುಕ್ರವಾರ ಹೆಣ ಬಂದ್ಮೇಲೆ ಹೆದರಿಕೊಂಡು ಬಚ್ಚಿಟ್ಟೆ. ನಾಳೆ ಜ್ಯೋತೀನ ಒಯ್ತಾರೆ ಅಂದ್ಮೇಲೆ ತೆಗೆದೆ."

"ಗುರುವಾರ?" ಇನ್ಸ್‌ಪೆಕ್ಟರ್ ಮಫ್ಲರ್ ಸಡಿಲಿಸಿದರು. "ಗುರುವಾರ ಸಾಹೇಬ್ರು ಬದುಕಿದ್ರು ಅಂತ ಇವತ್ತೂ ಹೇಳ್ತೀರಾ?"

"ಬದುಕಿದ್ರು."

ಇಡೀ ಪ್ರಕರಣ ನಿಂತಿದ್ದೇ ಆ ಒಂದು ಮಾತಿನ ಮೇಲೆ.

ಜ್ಯೋತಿ ಬುಧವಾರ ಸಂಜೆ ಬೆಟ್ಟದಿಂದ ಒಬ್ಬನೇ ಇಳಿದು ಬಂದಿದ್ದ. ಸಾಹೇಬರು ಇನ್ನೊಂದು ದಿನ ಫೋಟೋ ತೆಗೆಯುತ್ತಾರೆ, ಹೊರೆ ಹೊರುವ ಮಾಮಾ ಜೊತೆಗಿದ್ದಾರೆ, ವಿಮಾನದ ಟಿಕೆಟ್ ನೋಡು ಅಂತ ನನ್ನನ್ನು ಕಳಿಸಿದರು ಎಂದಿದ್ದ. ಗುರುವಾರ ಇಡೀ ದಿನ ಇದೇ ಒಲೆಯ ಮುಂದೆ ನನಗೆ ಆಲೂ ಹೆಚ್ಚಿಕೊಟ್ಟಿದ್ದನ್ನು ಅರ್ಧ ಊರು ನೋಡಿದೆ. ಸಾಹೇಬರು ಸತ್ತದ್ದು ಮುಳುಗಿ ಅಲ್ಲ, ತಲೆಗೆ ಪೆಟ್ಟು ಬಿದ್ದು ಎಂದು ಡಾಕ್ಟರು ಹೇಳಿದ್ದರು. ಆದರೆ ಯಾವ ದಿನ ಎಂದು ಹೇಳಲು ಅವರಿಂದ ಆಗಿರಲಿಲ್ಲ. ಹೊಳೆಯ ನೀರು ಹಿಮ ಕರಗಿದ ನೀರು. ಅದರಲ್ಲಿ ಬಿದ್ದ ಹೆಣ ಬುಧವಾರದ್ದೋ ಗುರುವಾರದ್ದೋ ದೇವರಿಗೇ ಗೊತ್ತು.

ಬುಧವಾರ ಸತ್ತಿದ್ದರೆ ನನ್ನ ತಮ್ಮ ಕೊಲೆಗಾರ. ಗುರುವಾರ ಬದುಕಿದ್ದರೆ ಅವನು ನಿರಪರಾಧಿ. ಮಾಮಾ ಮೊದಲಿನಿಂದಲೂ ಗುರುವಾರ ಎನ್ನುತ್ತಿದ್ದರು. ಆದರೆ ಅಕ್ಕನ ಮಗನ ಪರ ಸೋದರಮಾವ ಹೇಳುವ ಸಾಕ್ಷಿಯನ್ನು ಯಾವ ಪೊಲೀಸ್ ನಂಬುತ್ತಾನೆ?

"ನಮ್ಮ ಬಾಯಿಮಾತು ಬೇಡ ಸಾಬ್. ಡಬ್ಬೀನೇ ಕೇಳಿ," ಎಂದೆ.

ಡಬ್ಬಿ ಉಸಿರೆತ್ತಲಿಲ್ಲ. ಬ್ಯಾಟರಿ ಸತ್ತಿತ್ತು. ಠಾಣೆಯಲ್ಲಿ ಕರೆಂಟಿಲ್ಲ, ನನ್ನ ಮನೆಯ ಮಾಡಿನ ಮೇಲೆ ಸೌರ ಫಲಕವಿದೆ. ಸಾಹೇಬರ ವೈರು ಗೂಡಿನಲ್ಲೇ ಇತ್ತು. ಸಿಕ್ಕಿಸಿ ಕಾದೆವು. ಇನ್ಸ್‌ಪೆಕ್ಟರ್ ಸುಮ್ಮನೆ ಕಾಯುವ ಜಾತಿಯಲ್ಲ.

"ದಾಜು ಇನ್ನೂ ಬಂದಿಲ್ವಾ?" ಎಂದು ತಾವು ಅಣ್ಣ ಎನ್ನುವ ನನ್ನ ಗಂಡನ ಬಗ್ಗೆ ಕೇಳಿದರು.

"ಸೋಮವಾರ ಹೇಸರಗತ್ತೆ ಹೊಡ್ಕೊಂಡು ಕೆಳಗೆ ಬೇನಿ ಪೇಟೆಗೆ ಹೋದೋರು. ಇವತ್ತು ಬರ್ಬೇಕು. ಅವರಿದ್ದಿದ್ರೆ ನನ್ನ ತಮ್ಮನ ಮೇಲೆ ನೀವು ಕೈ ಹಾಕ್ತಿದ್ರಾ?"

"ದಾಜು ಬರ್ಲಿ ಬಿಡಿ, ಅವರ ಮುಂದಾಳು ಹೇಸರಗತ್ತೆಗೆ ಸೆಲ್ಯೂಟ್ ಹೊಡೀತೀನಿ. ಅದೇನು ಅಲಂಕಾರ ಅದಕ್ಕೆ! ಮದುವೆ ಹೆಣ್ಣಿಗೂ ಅಷ್ಟಿರಲ್ಲ."

ಮೈನಾ ನಮ್ಮ ಮುಂದಾಳು ಹೇಸರಗತ್ತೆ. ಅದರ ತಲೆಯ ಕೆಂಪು ತುರಾಯಿಯನ್ನು ಹೊಲಿದದ್ದು ನಾನೇ. ನನ್ನ ಮದುವೆಯ ಹಸಿರು ಮಖಮಲ್ ಕುಪ್ಪಸ ಕತ್ತರಿಸಿ ಪಟ್ಟಿ ಕೊಟ್ಟು, ನಡುವೆ ಒಂದು ದುಂಡು ಕನ್ನಡಿ ಕೂರಿಸಿದ್ದೇನೆ. ಈ ಕಣಿವೆಯಲ್ಲಿ ಅಂಥದ್ದು ಇನ್ನೊಂದಿಲ್ಲ. ಬೇರೆ ದಿನವಾಗಿದ್ದರೆ ಇನ್ಸ್‌ಪೆಕ್ಟರ್ ಮಾತಿಗೆ ನಾನೂ ನಗುತ್ತಿದ್ದೆ.

ಪರದೆ ಮಿನುಗಿತು.

ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದೆವು. ಡಬ್ಬಿ ಪ್ರತಿ ಕಾರ್ಡನ್ನೂ ಬೇರೆ ಬೇರೆ ಖಾನೆಯಲ್ಲಿಟ್ಟು ನಂಬರ್ ಕೊಡುತ್ತದೆ. ಕೊನೆಯ ಖಾನೆಯಲ್ಲಿ ಇದ್ದದ್ದು ಮೂರೇ ಮೂರು ಫೋಟೋ. ನಾನು ಅವಸರದಲ್ಲಿ ಕೊನೆಯದರ ಬದಲು ಅದರ ಹಿಂದಿನದನ್ನು ಒತ್ತಿದೆ.

ಏಕ್ಲೆಭಟ್ಟಿ ಊರು ದಾಟಿದ ಮೇಲಿನ ಉದ್ದನೆಯ ಮಣೆ ಗೋಡೆ. ಮಂತ್ರ ಕೆತ್ತಿದ ಕಲ್ಲುಗಳನ್ನು ಒಟ್ಟಿದ ಗೋಡೆ ಅದು. ಉದ್ದಕ್ಕೂ ತಿರುಗುವ ಮಂತ್ರಚಕ್ರಗಳು, ತುದಿಯ ಕಂಬಕ್ಕೆ ಪತಾಕೆಗಳು. ಗೋಡೆಯ ಬಲಗಡೆ, ಹೊಳೆಯ ಪಕ್ಕದ ಸಮತಟ್ಟು ದಾರಿಯಲ್ಲಿ, ನಮಗೆ ಬೆನ್ನು ಹಾಕಿ ಮೇಲಕ್ಕೆ ನಡೆಯುತ್ತಿದ್ದ ಒಬ್ಬ ಮನುಷ್ಯ. ತಲೆಗೆ ಟೋಪಿ. ಮೈಮೇಲೆ ಕೆಂಪು ಜಾಕೆಟ್. ಹೆಣದ ಮೈಮೇಲಿದ್ದ ಅದೇ ಜಾಕೆಟ್.

ಕೆಳಗೆ ತಾರೀಖಿತ್ತು. ಗುರುವಾರದ್ದು. ಬೆಳಗಿನ ಏಳು ದಾಟಿತ್ತು.

"ಅಯ್ಯೋ ನನ್ನಪ್ಪಾ!" ನಾನು ಕಿರುಚಿಯೇಬಿಟ್ಟೆ. "ಸಾಬ್, ನೋಡಿ! ಸಾಹೇಬ್ರು! ಗುರುವಾರ ಬೆಳಿಗ್ಗೆ!"

"ಮುಖ ಕಾಣಿಸ್ತಿಲ್ವಲ್ಲ ದಿದಿ."

"ಮುಖ ಯಾಕೆ? ಯಾವ ಕಡೆ ನಡೀತಿದಾರೆ ನೋಡಿ! ಗೋಡೇನ ಎಡಕ್ಕೆ ಬಿಟ್ಟು ನಡೀತಿದಾರೆ. ನಮ್ಮ ಕಡೆ ಒಂದು ಕೂಸು ಕೂಡ ಹಾಗೆ ನಡೆಯಲ್ಲ. ಮಣೆ ಗೋಡೇನ ಯಾವಾಗ್ಲೂ ಬಲಕ್ಕೆ ಬಿಡ್ಬೇಕು. ಆ ಎಡಗಡೆ ದಾರೀಲಿ ಮುಳ್ಳಿದೆ, ಕಲ್ಲಿದೆ, ಆದ್ರೂ ಎಲ್ರೂ ಅಲ್ಲೇ ಹತ್ತೋದು. ಸಾಹೇಬ್ರಿಗೆ ಮಾತ್ರ ಮಂಡಿ ನೋವು. ಕಲ್ಲು ಹತ್ತಲಾರೆ ಅಂತ ಈ ಸಪಾಟು ದಾರೀನೇ ಹಿಡೀತಿದ್ರು. ಅದಕ್ಕೆ ನಮ್ಮತ್ತೆ ಎಷ್ಟು ಬೈದಿದಾರೆ!"

ಇನ್ಸ್‌ಪೆಕ್ಟರ್ ನಿಧಾನಕ್ಕೆ ನಗತೊಡಗಿದರು. ಒಳ್ಳೆಯ ಮನುಷ್ಯ; ಜ್ಯೋತಿಯನ್ನು ಒಳಗೆ ಹಾಕಿದ ಮೇಲೆ ಅವರಿಗೂ ನನ್ನ ದಾಲ್ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಕಾಣುತ್ತದೆ.

"ಸರಿ. ಪೋಖರಾಕ್ಕೆ ವೈರ್‌ಲೆಸ್ ಮಾಡಿ ನಾಳೆಯ ಸೀಟು ಬೇಡ ಅಂತೀನಿ. ನಿಮ್ಮ ತಮ್ಮನ್ನ ಊಟಕ್ಕೆ ನಾನೇ ಕರ್ಕೊಂಡ್ ಬರ್ತೀನಿ. ಡಬ್ಬಿ ಚಾರ್ಜ್ ಆಗ್ಲಿ, ಇಲ್ಲೇ ಇರ್ಲಿ. ಆದ್ರೆ ದಿದಿ, ಮತ್ತೆ ಹಿಟ್ಟಿಗೆ ಮಾತ್ರ ಹಾಕ್ಬೇಡಿ."

ಅವರು ಹೋದ ಮೇಲೆ ನಾನು ಮಾಮಾರ ಕೈ ಹಿಡಿದು ಅತ್ತುಬಿಟ್ಟೆ. ಜ್ಯೋತಿ ನನ್ನ ಬೆನ್ನಿಗೆ ಬಿದ್ದವನು. ಅಮ್ಮ ಸತ್ತಾಗ ಅವನಿಗೆ ಹಲ್ಲು ಕೂಡ ಬಂದಿರಲಿಲ್ಲ. ಬೆನ್ನಿಗೆ ಕಟ್ಟಿಕೊಂಡೇ ರೊಟ್ಟಿ ಬೇಯಿಸಿ ಸಾಕಿದ್ದೇನೆ. ಹೊರಡುವ ದಿನ ನನ್ನ ಅಂಗಳದಲ್ಲೇ ಅವನಿಗೂ ಸಾಹೇಬರಿಗೂ ಜೋರು ಜಗಳವಾಗಿತ್ತು. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಆ ಜಗಳವೇ ಅವನ ಕೊರಳಿಗೆ ಸುತ್ತಿಕೊಂಡಿತ್ತು. ಈಗ ಅದು ಬಿಚ್ಚಿತು.

ದಾಲಿಗೆ ತುಪ್ಪದಲ್ಲಿ ಜಿಂಬು ಸೊಪ್ಪಿನ ಒಗ್ಗರಣೆ ಕೊಟ್ಟೆ. ಅವನಿಗೆ ಅದರ ಘಮ ಬೀದಿಯ ತಿರುವಿನಲ್ಲೇ ಗೊತ್ತಾಗುತ್ತದೆ. ಅಕ್ಕಿ ಕುದಿಯಲು ಇಟ್ಟು, ಸಂತೋಷ ತಡೆಯಲಾರದೆ ಮತ್ತೆ ಡಬ್ಬಿ ಕೈಗೆತ್ತಿಕೊಂಡೆ. ಕೊನೆಯ ಫೋಟೋ ನೋಡುವುದು ಬಾಕಿ ಇತ್ತು.

ಅದೇ ಗೋಡೆ. ಅದೇ ಕೆಂಪು ಜಾಕೆಟ್, ನಾಲ್ಕು ಹೆಜ್ಜೆ ಮುಂದೆ. ಎಡಗೈ ಸ್ವಲ್ಪ ಚಾಚಿತ್ತು.

ಪಕ್ಕದ ಗುಂಡಿ ಒತ್ತಿ ಚಿತ್ರ ದೊಡ್ಡದು ಮಾಡಿದೆ. ಎಡಗೈ ಮಂತ್ರಚಕ್ರದ ಮೇಲಿತ್ತು. ಚಕ್ರ ತಿರುಗುತ್ತಿದ್ದುದರಿಂದ ಅಲ್ಲಿ ಮಸುಕಾಗಿತ್ತು.

ನನ್ನ ಕೈಯ ಸೌಟು ನೆಲಕ್ಕೆ ಬಿತ್ತು.

ಸಾಹೇಬರು ಮಂತ್ರಚಕ್ರ ಮುಟ್ಟುವವರಲ್ಲ. ಮೊದಲ ವರ್ಷ ತಮಾಷೆಗೆ ಒಂದನ್ನು ಉಲ್ಟಾ ತಿರುಗಿಸಿದ್ದಕ್ಕೆ ನಮ್ಮತ್ತೆ ಅವರ ಮಣಿಕಟ್ಟಿನ ಮೇಲೆ ಇದೇ ಸೌಟಿನಿಂದ ಹೊಡೆದಿದ್ದರು. ಆವತ್ತಿನಿಂದ ಚಕ್ರಗಳ ಹತ್ತಿರ ಬಂದರೆ ಸಾಕು, ಎರಡೂ ಕೈ ಜೇಬಿಗೆ ತುರುಕಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಅತ್ತೆ ತೀರಿಕೊಂಡ ಮೇಲೂ ಆ ಅಭ್ಯಾಸ ಬಿಡಲಿಲ್ಲ.

ಗೋಡೆಯನ್ನು ಎಡಕ್ಕೆ ಬಿಟ್ಟು ನಡೆಯಬೇಕು, ಎಡಗೈಯಿಂದ ಚಕ್ರವನ್ನೂ ತಿರುಗಿಸಬೇಕು. ಪರದೇಶದವರು ಮೊದಲನೆಯದನ್ನು ಮಾಡಿಯಾರು, ಎರಡನೆಯದರ ಗೊಡವೆಗೆ ಹೋಗುವುದಿಲ್ಲ. ಬೌದ್ಧರಾದ ನಾವು ಎರಡನ್ನೂ ಮಾಡುವುದಿಲ್ಲ. ಎರಡನ್ನೂ ಮಾಡುವವರು, ಯೋಚನೆಯಿಲ್ಲದೆ, ಉಸಿರಾಡಿದಷ್ಟು ಸಲೀಸಾಗಿ ಮಾಡುವವರು ಬೋನ್ ಮತದವರು ಮಾತ್ರ. ಅವರ ಪ್ರದಕ್ಷಿಣೆಯೇ ನಮ್ಮದಕ್ಕೆ ಎದುರು. ಈ ಭಾಗದಲ್ಲಿ ಆ ಮತದ ಊರು ಒಂದೇ, ಲುಂಗ್ದಾ. ನನ್ನ ತಾಯಿಯ ತವರು.

ಒಲೆಯ ಆಚೆ ಕೂತಿದ್ದ ಮಾಮಾ ಎಡಗೈಯಲ್ಲಿ ಜಪಮಣಿ ಎಣಿಸುತ್ತಿದ್ದರು. ಅವರು ಲುಂಗ್ದಾದವರು.

ಆಗಲೇ ಹೊರಗಿನ ಬಾಗಿಲು ದಢಾರೆಂದು ಬಡಿದುಕೊಂಡಿತು. ಅಂಗಳದಲ್ಲಿ ಒಣಗಲು ಹಾಕಿದ್ದ ಸೇಬಿನ ಹೋಳುಗಳು ತಟ್ಟೆ ಸಮೇತ ಉರುಳಿದವು. ಗಾಳಿ ಎದ್ದಿತು. ನಮ್ಮ ಕಣಿವೆಯಲ್ಲಿ ದಿನವೂ ಹೀಗೇ. ಬೆಳಿಗ್ಗೆ ಒಂದು ಎಲೆ ಅಲುಗುವುದಿಲ್ಲ. ಅದಕ್ಕೇ ವಿಮಾನ ಬರುವುದೂ ಬೆಳಿಗ್ಗೆಯೇ. ಹೊತ್ತು ಏರಿದ ಮೇಲೆ ತೆಂಕಣ ಗಾಳಿ ನುಗ್ಗಿತೆಂದರೆ ಸಂಜೆಯವರೆಗೆ ಮನುಷ್ಯನನ್ನೇ ತಳ್ಳುತ್ತದೆ.

ನಾನು ಮತ್ತೆ ಚಿತ್ರ ನೋಡಿದೆ. ಕಂಬದ ಪತಾಕೆಗಳು ಹಲಗೆಯಂತೆ ಸೆಟೆದು ಬಡಗಣಕ್ಕೆ ಚಾಚಿದ್ದವು. ಕೆಂಪು ಜಾಕೆಟ್ಟಿನ ಬೆನ್ನು ಗಾಳಿ ತುಂಬಿ ಉಬ್ಬಿತ್ತು.

ಬೆಳಗಿನ ಏಳು ಗಂಟೆಗೆ!

ಬಾಗಿಲ ಅಗುಳಿ ಹಾಕಿ ಬಂದು ಮಾಮಾರ ಎದುರು ಕೂತೆ.

"ಮಾಮಾ, ಈ ಜಾಕೆಟ್ ಹಾಕ್ಕೊಂಡಿರೋದು ನೀವು."

ಜಪಮಣಿ ನಿಂತಿತು.

"ಸಾಹೇಬ್ರು ಅಂತ ಪೊಲೀಸ್ನೋರೇ ಹೇಳಿದ್ರಲ್ಲ ನಾನಿ."

"ಪೊಲೀಸ್ನೋರಿಗೆ ಏನು ಗೊತ್ತು? ಚಕ್ರದ ಮೇಲೆ ಎಡಗೈ ಇದೆ. ನಿಮಗೆ ಚಕ್ರ ಕಂಡ್ರೆ ಕೈ ಸುಮ್ನಿರಲ್ಲ. ಸಾಹೇಬ್ರ ಹಾಗೆ ನಡ್ಕೊಂಡು ಹೋಗು ಅಂದ್ರೆ ಕಾಲು ಹೋಯ್ತು, ಕೈ ಕೇಳಲಿಲ್ಲ. ಅಲ್ವಾ?"

ಮಾಮಾ ಅಪರಾಧ ಮಾಡಿ ಸಿಕ್ಕಿಬಿದ್ದ ಕೂಸಿನ ಹಾಗೆ ಎಡಗೈಯನ್ನು ಅಂಗಿಯೊಳಗೆ ಎಳೆದುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

"ಗುರುವಾರ ಬೆಳಿಗ್ಗೇನೂ ಅಲ್ಲ ಇದು. ಗಾಳಿ ನೋಡಿ. ಯಾವ ದಿನ ಮಾಮಾ? ನನ್ನ ಕಣ್ಣು ನೋಡಿ ಹೇಳಿ."

"ಬಿಟ್ಬಿಡು ನಾನಿ. ಜ್ಯೋತಿ ಮನೆಗೆ ಬರ್ತಿದಾನೆ. ಅನ್ನ ಬಡಿಸು. ಮರೆತ್ಬಿಡು."

"ಯಾವ ದಿನ?"

ಅವರು ಜಪಮಣಿಯನ್ನು ಮಡಿಲಿಗೆ ಇಳಿಸಿದರು. "ಬುಧವಾರ. ಮಧ್ಯಾಹ್ನ ಆಗಿತ್ತು."

ಜಾಕೆಟ್ ಹಾಕಿಕೊಂಡವರು ಮಾಮಾ. ಹಾಗಾದರೆ ಕ್ಯಾಮೆರಾ ಹಿಡಿದವರು ಯಾರು? ಆ ಪ್ರಶ್ನೆ ಬಾಯಿಗೆ ಬರುವ ಮೊದಲೇ ಉತ್ತರ ನನ್ನೆದುರು ನಿಂತಿತ್ತು. ಮಾಮಾಗೆ ಡಬ್ಬಿಯ ಒಂದು ಗುಂಡಿ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಕ್ಯಾಮೆರಾದ ತಾರೀಖು, ಗಂಟೆ ಬದಲಿಸುವುದನ್ನು ಸಾಹೇಬರ ಹತ್ತಿರ ಮೂರು ವರ್ಷ ಕಲಿತವನು ಒಬ್ಬನೇ ಇದ್ದಾನೆ.

"ಫೋಟೋ ತೆಗ್ದಿದ್ದು ಜ್ಯೋತಿ," ಎಂದೆ. ಪ್ರಶ್ನೆಯಾಗಿ ಕೇಳುವ ಶಕ್ತಿ ಇರಲಿಲ್ಲ.

ಮಾಮಾ ತಲೆಯಾಡಿಸಿದರು. ಆಮೇಲೆ ಕಟ್ಟೆ ಒಡೆದಂತೆ ಎಲ್ಲವನ್ನೂ ಹೇಳಿದರು.

"ನಾನು ಹೊರೆ ಹೊತ್ಕೊಂಡು ಹಿಂದೆ ಬರ್ತಿದ್ದೆ. ಗೋಡೆ ಹತ್ರ ಬಂದಾಗ ಜ್ಯೋತಿ ಒಬ್ನೇ ನಿಂತಿದ್ದ. ಕೈಯಲ್ಲಿ ಕೆಂಪು ಜಾಕೆಟ್. 'ಮಾಮಾ, ಸಾಹೇಬ್ರಿಗೆ ಒಂದು ಫೋಟೋ ಬೇ‌ಕಂತೆ, ಇದನ್ನ ಹಾಕ್ಕೊಂಡು ಬಲಗಡೆ ದಾರೀಲಿ ಹತ್ತಿ' ಅಂದ. ನಮ್ಮೋರು ಹೋಗೋ ದಾರೀನೇ ಅಲ್ವಾ ಅಂತ ಖುಷಿಯಿಂದ ಹತ್ತಿದೆ. ಸಾಹೇಬ್ರೆಲ್ಲಿ ಅಂದೆ. 'ಬಂಡೆ ಮರೇಲಿ ಮಲಗಿದಾರೆ, ಮಂಡಿ ನೋವು, ಎಬ್ಬಿಸ್ಬೇಡಿ' ಅಂದ."

"ನೀವು ನೋಡಿದ್ರಾ?"

"ಕಾಲು ಕಾಣಿಸ್ತಿತ್ತು. ಒಂದು ಕಾಲಲ್ಲಿ ಶೂ ಇರ್ಲಿಲ್ಲ. ಗಾಳಿ ಬೀಸ್ತಿತ್ತಲ್ಲ, ಪಾಪ ಅನ್ಸ್ತು. ಹೊದಿಸೋಣ ಅಂತ ಮುಟ್ಟಿದೆ." ಅವರು ಕೈ ನೋಡಿಕೊಂಡರು. "ಕಾಲು ತಣ್ಣಗಿತ್ತು ನಾನಿ. ಗಾಳಿಗೆ ತಣ್ಣಗಾಗಿದೆ ಅಂದ್ಕೊಂಡೆ."

ಅಕ್ಕಿ ಉಕ್ಕಿ ಒಲೆಗೆ ಚೆಲ್ಲಿತು. ಇಬ್ಬರೂ ಏಳಲಿಲ್ಲ.

"ಆಮೇಲೆ?"

"ಜ್ಯೋತಿ ಕಾರ್ಡ್ ತೆಗೆದು ಕೊಟ್ಟ. 'ನೀವು ಇವತ್ತು ಲುಂಗ್ದಾಕ್ಕೆ ಮನೆಗೆ ಹೋಗಿ, ನಾಳೆ ಇಳಿದು ಬಂದು ಡಬ್ಬಿಗೆ ಹಾಕಿ, ಆಮೇಲೆ ಕಾರ್ಡ್ ಹೊಳೆಗೆ ಎಸೀರಿ, ಸಾಹೇಬ್ರ ಅಪ್ಪಣೆ' ಅಂದ. ಹಾಗೇ ಮಾಡ್ದೆ. ಶುಕ್ರವಾರ ಹೆಣ ನೋಡಿದ್ಮೇಲೆ ನಂಗೆ ಆ ಕಾಲು ನೆನಪಾಯ್ತು." ಅವರು ಅಂಗೈ ಚಾಚಿದರು. "ನಿಮ್ಮಮ್ಮ ಸಾಯೋವಾಗ ನನ್ನ ಕೈ ಹಿಡ್ಕೊಂಡು, ಹುಡುಗನ್ನ ನೋಡ್ಕೋ ಅಂದಿದ್ಲು. ಇನ್ನೇನು ಮಾಡ್ಲಿ?"

ಏನು ಮಾಡಲಿ ಎಂದು ನಾನು ಯಾರನ್ನು ಕೇಳಲಿ? ತಮ್ಮನನ್ನು ಉಳಿಸಲೆಂದು ನಾನು ಕಿರುಚಿ ಕಿರುಚಿ ತೋರಿಸಿದ ಸಾಕ್ಷಿ, ಅವನೇ ಮೊದಲೇ ತಯಾರಿಸಿಟ್ಟ ಸಾಕ್ಷಿ. ಬಂಡೆಯ ಮರೆಯಲ್ಲಿ ಮನುಷ್ಯ ತಣ್ಣಗೆ ಬಿದ್ದಿರುವಾಗ ಅವನ ಜಾಕೆಟ್ ಬಿಚ್ಚಿ, ಮಾಮಾಗೆ ತೊಡಿಸಿ, ಮತ್ತೆ ಹೆಣಕ್ಕೆ ತೊಡಿಸಿ ಹೊಳೆಗೆ ನೂಕಿದ ಕೈ ಮರುದಿನ ನನಗೆ ಆಲೂ ಹೆಚ್ಚಿಕೊಟ್ಟಿತ್ತು. ಆ ಆಲೂ ಪಲ್ಯವನ್ನು ನಾನು ತಿಂದಿದ್ದೆ.

ಈ ಫೋಟೋವನ್ನು ಓದಬಲ್ಲವಳು ಈ ಊರಿನಲ್ಲಿ ನಾನೊಬ್ಬಳೇ. ನಾನು ಬಾಯಿ ಮುಚ್ಚಿದರೆ ಕೆಂಪು ಜಾಕೆಟ್ಟು ಸಾಹೇಬರೇ, ಗುರುವಾರ ಗುರುವಾರವೇ. ಬಾಯಿ ತೆರೆದರೆ ನಾಳೆಯ ವಿಮಾನ.

ಬಾಗಿಲು ಬಡಿದ ಸದ್ದಾಯಿತು. ಈ ಸಲ ಗಾಳಿಯಲ್ಲ.

"ದಿದಿ, ಅಗುಳಿ ಯಾಕೆ ಹಾಕಿದ್ದೀರಿ? ನಿಮ್ಮ ಮನೆ ಮಾಣಿಕ್ಯ ಬಂದಿದೆ!" ಇನ್ಸ್‌ಪೆಕ್ಟರ್ ನಗುತ್ತಿದ್ದರು. ಅಗುಳಿ ತೆಗೆದೆ, ಜ್ಯೋತಿ ಒಳಗೆ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು. ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಅವನ ತಲೆಯ ಮೇಲೆ ಕೈ ಇಡಲು ಹೋದೆ. ಕೈ ಅರ್ಧದಲ್ಲೇ ನಿಂತಿತು.

ಇನ್ಸ್‌ಪೆಕ್ಟರ್ ಅಂಗಳದಲ್ಲಿ ಕೈಕಾಲು ತೊಳೆಯಲು ಹೊರಗೆ ನಿಂತರು. ಜ್ಯೋತಿಯ ಕಣ್ಣು ನೇರವಾಗಿ ಡಬ್ಬಿಗೆ ಹೋಯಿತು. ಅನ್ನಕ್ಕಲ್ಲ, ನನಗಲ್ಲ. ಹತ್ತಿರ ಬಂದು ಉಸಿರಿನಲ್ಲೇ ಕೇಳಿದ.

"ದಿದಿ, ಎಷ್ಟು ಫೋಟೋ ಬಂದಿವೆ ಅದರಲ್ಲಿ?"

"ಮೂರು."

ಅವನ ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು. "ಮೂರಾ? ಎರಡಲ್ವಾ?" ಮಾಮಾರ ಕಡೆ ತಿರುಗಿದ. "ಮೂರನ್ನೂ ಹಾಕಿದ್ರಾ?"

"ಒಂದು ಗುಂಡಿ ಒತ್ತಿದೆ ಮಗಾ. ಕಾರ್ಡಲ್ಲಿದ್ದದ್ದೆಲ್ಲಾ ಅದೇ ನುಂಗ್ತು."

"ಮೊದಲನೇದು ನೋಡಿದ್ರಾ? ದಿದಿ, ಪೊಲೀಸ್ನೋನು ಮೊದಲನೇದು ನೋಡಿದ್ನಾ?" ಅವನ ಕೈ ಡಬ್ಬಿಯತ್ತ ಚಾಚಿತು. "ಕೊಡು ಇಲ್ಲಿ. ಅಳಿಸ್ಬಿಡ್ತೀನಿ."

ನಾನು ಡಬ್ಬಿಯನ್ನು ಎದೆಗೆ ಅವಚಿಕೊಂಡೆ. ಸಿಟ್ಟು ಒಡೆದು ಬಂತು. "ಸಾಹೇಬ್ರ ಕಾಲು ತಣ್ಣಗಿತ್ತಂತೆ ಜ್ಯೋತಿ. ಮಲಗಿದಾರೆ ಅಂದ್ಯಂತೆ. ಮೂರು ವರ್ಷ ನಿನ್ನನ್ನ ಮಗನ ಹಾಗೆ ನೋಡ್ಕೊಂಡ್ರಲ್ಲೋ! ಈಗ್ಲೇ ಸಾಬ್‌ನ ಕರೀತೀನಿ. ನೀನು ನನ್ನ ತಮ್ಮ ಅಂತ ನೋಡಲ್ಲ."

"ಕರಿ." ಅವನು ಅಲ್ಲಾಡಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. "ನಾನು ಹೋಗೋವಷ್ಟ್ರಲ್ಲೇ ಅವರು ಹಾಗೆ ಬಿದ್ದಿದ್ರು ದಿದಿ. ನಿನ್ನಾಣೆ. ಜಾಕೆಟ್, ಕ್ಯಾಮೆರಾ ಗಡಿಯಾರ, ಹೊಳೆ, ಅದೆಲ್ಲಾ ನಾನೇ. ಹೊಡೆದಿದ್ದು ನಾನಲ್ಲ. ನಂಗೋಸ್ಕರ ಮಾಡಿದ್ದೂ ಅಲ್ಲ."

"ಮತ್ತೆ ಯಾರಿಗೋಸ್ಕರ?"

"ನೋಡ್ಬೇಡ ದಿದಿ. ಬೆಳಕು ಸರಿ ಇದ್ಯಾ ಅಂತ ನೋಡೋಕೆ ಖಾಲಿ ದಾರೀದೊಂದು ತೆಗೆದೆ. ಅದು ಖಾಲಿ ಇರ್ಲಿಲ್ಲ. ಅಳಿಸೋದು ಮರೆತೆ. ನಿನ್ನ ಕಾಲಿಗೆ ಬೀಳ್ತೀನಿ, ನೋಡ್ಬೇಡ."

ನಾನು ಗುಂಡಿ ಒತ್ತಿದೆ.

ಗೋಡೆ, ಪತಾಕೆ, ಧೂಳು ಎದ್ದ ದಾರಿ. ಮನುಷ್ಯರಿಲ್ಲ. ದೂರದ ತಿರುವಿನಲ್ಲಿ ಏನೋ ಒಂದು ಚುಕ್ಕಿ. ದೊಡ್ಡದು ಮಾಡಿದೆ. ಹೇಸರಗತ್ತೆಯೊಂದು ಅವಸರದಲ್ಲಿ ತಿರುಗಿಕೊಳ್ಳುತ್ತಿತ್ತು. ಅದರ ಹಗ್ಗ ಹಿಡಿದವನು ತಿರುವಿನ ಆಚೆ ಮರೆಯಾಗಿದ್ದ. ಇನ್ನೂ ದೊಡ್ಡದು ಮಾಡಿದೆ. ಹೇಸರಗತ್ತೆಯ ತಲೆಯ ಮೇಲೆ ಕೆಂಪು ತುರಾಯಿ. ತುರಾಯಿಗೆ ಹಸಿರು ಪಟ್ಟಿ. ಪಟ್ಟಿಯ ನಡುವೆ ದುಂಡಗೆ, ಬಿಸಿಲಿಗೆ ಹೊಳೆದ ಒಂದು ಬಿಳಿ ಚುಕ್ಕಿ.

ಆ ಪಟ್ಟಿಯ ಹೊಲಿಗೆ ನನ್ನದು. ಸೋಮವಾರವೇ ಕೆಳಗೆ ಬೇನಿಗೆ ಹೊರಟುಹೋದ ಹೇಸರಗತ್ತೆ ಬುಧವಾರ ಮೇಲೆ, ಮಣೆ ಗೋಡೆಯ ಹತ್ತಿರ ಏನು ಮಾಡುತ್ತಿತ್ತು?

"ಭಾವನ್ನ ಏನೂ ಕೇಳ್ಬೇಡ ದಿದಿ," ಎಂದ ಜ್ಯೋತಿ. ಅವನು ಚಿಕ್ಕಂದಿನಂತೆ ಬಿಕ್ಕುತ್ತಿದ್ದ. "ಗುರುವಾರ ಅಂದ್ರೆ ಅಷ್ಟೊತ್ತಿಗೆ ಅವರು ಕೆಳಗೆ ಇಳಿದಿರ್ತಾರೆ, ಯಾರೂ ಅನುಮಾನ ಪಡಲ್ಲ. ಅವರ ಜೊತೆ ನೀನು ಬದುಕಬೇಕಲ್ಲ."

ಹೊರಗೆ ಗಾಳಿಯ ಮೊರೆತದ ನಡುವೆ ಸಣ್ಣದೊಂದು ಸದ್ದು ಕೇಳಿಸಿತು. ಆರು ದಿನದಿಂದ ನಾನು ಕಿವಿಗೊಟ್ಟು ಕಾಯುತ್ತಿದ್ದ ಸದ್ದು. ಮೈನಾಳ ಕೊರಳ ಗಂಟೆ. ಸೇತುವೆ ದಾಟಿ, ನಮ್ಮ ಓಣಿಗೆ ತಿರುಗಿ, ಹತ್ತಿರ ಹತ್ತಿರ ಬಂತು.

ಇನ್ಸ್‌ಪೆಕ್ಟರ್ ಮಫ್ಲರಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ತಲೆ ಹಾಕಿದರು.

"ದಾಜು ಬಂದ್ರು ದಿದಿ. ಇನ್ನೊಂದು ತಟ್ಟೆ ಹಾಕಿ."